ಮೂರು ಸುಳಿವು

ನಿಯಮ ಬರೆದವಳು ನಾನೇ, ಹಳದಿ ಕಾಗದದ ಮೇಲೆ:
ದೆವ್ವ ಬೇಡ, ಮಾಟಗಾತಿ ಬೇಡ, ರಕ್ತವಂತೂ ಬೇಡವೇ ಬೇಡ.
ಚರ್ಚಿನ ಚರಿತ್ರೆಯಿಂದ ಯಾರಾದರೊಬ್ಬರಾಗಿ ಬನ್ನಿ,
ಮೂರು ಸುಳಿವು ಕೊಡಿ, ಉಳಿದವರು ಊಹಿಸಲಿ.
ಮಿಠಾಯಿ ಎಲ್ಲರಿಗೂ ಉಂಟು.

ಅಕ್ಟೋಬರಿನ ಕೊನೆಯ ರಾತ್ರಿ. ಅಯೋವಾದ ಬಯಲಲ್ಲಿ
ಮೆಕ್ಕೆಜೋಳದ ಕಟಾವು ಇನ್ನೂ ಮುಗಿದಿಲ್ಲ,
ಯಂತ್ರದ ದೀಪ ದೂರದಲ್ಲಿ ಹೋಗುತ್ತದೆ, ತಿರುಗುತ್ತದೆ, ಬರುತ್ತದೆ.
ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಯ ಹಂಡೆ ಗೊಣಗುತ್ತದೆ.
ಕಣ್ಣು ಕೊರೆಯಕೂಡದೆಂಬ ನನ್ನ ಮಾತಿಗೆ ಹಾರ್ಲನ್
ಕುಂಬಳಕಾಯಿಯನ್ನು ಇಡಿಯಾಗಿಯೇ ಮೇಜಿನ ಮೇಲಿಟ್ಟ.
ಕುರುಡು ಕುಂಬಳಕಾಯಿ.

ಮೊದಲು ಟ್ಯೂನಿಸ್, ಬೆನ್ನಿಗೆ ಒಲೆಯ ಕಂಬಿಜಾಲರಿ ಕಟ್ಟಿಕೊಂಡು:
"ಒಂದು, ನಾನು ರೋಮಿನವನು. ಎರಡು, ನನ್ನನ್ನು ಸುಟ್ಟರು.
ಮೂರು, ಈ ಮಗ್ಗುಲು ಬೆಂದಿತು, ಮಗುಚಿ ಹಾಕಿ ಅಂದೆ."
ಎಲ್ಲರೂ ನಕ್ಕರು. ನಾನೂ ನಕ್ಕೆ.
ಆಮೇಲೆ ತಟ್ಟೆಯಲ್ಲಿ ತನ್ನೆರಡು ಕಣ್ಣು ಹೊತ್ತು ತಂದವಳು
(ಸಿಪ್ಪೆ ಸುಲಿದ ದ್ರಾಕ್ಷಿ, ಒಂದನ್ನು ತಮ್ಮ ತಿಂದುಬಿಟ್ಟ),
ಸೊಂಟಕ್ಕೆ ಕೆಂಪು ಕಾಗದದ ಬೆಂಕಿ ಸುತ್ತಿದ
ಮುದಿ ಬಿಷಪ್, ವಯಸ್ಸು ಏಳು;
ಕಂಬದ ಮೇಲಿನ ತಪಸ್ವಿ ಏಣಿಯಿಂದ ಇಳಿಯಲೊಲ್ಲ,
ಮಿಠಾಯಿ ಇಲ್ಲಿಗೇ ಕಳಿಸಿ ಎನ್ನುತ್ತಾನೆ.
ಕಡಿದ ತಲೆಯನ್ನು ಕಂಕುಳಲ್ಲಿ ಇರುಕಿ ಬಂದವನನ್ನು ಕಂಡು
ಪಾಸ್ಟರ್ ಕಾಗದ ನೋಡಿದರು, ನನ್ನನ್ನು ನೋಡಿದರು.
ನಿಯಮ ಯಾರೂ ಮುರಿದಿಲ್ಲ. ರಕ್ತ ಒಂದು ತೊಟ್ಟೂ ಇಲ್ಲ.

ಕಿಟಕಿಯ ಆಚೆ ಬೀದಿಯಲ್ಲಿ ಪ್ಲಾಸ್ಟಿಕ್ ಕೋರೆಹಲ್ಲಿನ ಮಕ್ಕಳು
ಸಾಲಾಗಿ ಹೋಗುತ್ತಿದ್ದರು. ಎಂಥ ಸಾಧು ದೆವ್ವಗಳು!
ಬಾಗಿಲು ತಟ್ಟುತ್ತವೆ, ಕೇಳುತ್ತವೆ,
ಕೊಟ್ಟಷ್ಟು ತಗೊಂಡು ಥ್ಯಾಂಕ್ಸ್ ಅಂದು ಹೋಗುತ್ತವೆ.

ಕೊನೆಗೆ ಲೀಟಾ ಸ್ಟಕಿ. ಈ ಬೇಸಿಗೆಯಲ್ಲಷ್ಟೇ ಊರಿಗೆ ಬಂದವರ ಮಗಳು,
ಅಜ್ಜಿ ಮೆನ್ನೊನೈಟ್, ಈಗಲೂ ತಲೆಗೆ ಬಿಳಿ ಟೋಪಿ.
ಬೂದು ಲಂಗ. ಕೈಯಲ್ಲಿ ಏನೂ ಇಲ್ಲ. ಕೂದಲು ಮಾತ್ರ ಒದ್ದೆ.
ನಲ್ಲಿಗೆ ತಲೆಯೊಡ್ಡಿ ನೇರ ಬಂದಿದ್ದಾಳೆ,
ಕಾಲ ಬಳಿ ತೊಟ್ಟಿಕ್ಕುತ್ತಿದೆ.
"ಒಂದು, ದೊಡ್ಡವಳಾದ ಮೇಲೆ ಇನ್ನೊಮ್ಮೆ ದೀಕ್ಷಾಸ್ನಾನ ಮಾಡಿಸಿಕೊಂಡೆ.
ಎರಡು, ನೀರು ತಾನೇ ನಿನಗೆ ಬೇಕಿರೋದು,
ಹೊಳೆಯ ತುಂಬ ಇದೆ ತಗೋ, ಅಂದರು.
ಮೂರು—"
ಅವಳ ಕಣ್ಣು ಹುಡುಕಿ ಹುಡುಕಿ ಕಾರ್ನೀಲನ ಮೇಲೆ ನಿಂತಿತು:
ಡೀಕನರ ಮಗ, ಕರಿ ನಿಲುವಂಗಿ, ಬಗಲಲ್ಲಿ ದಪ್ಪ ಬೈಬಲ್,
ಜ್ಯೂರಿಕ್‌ನ ಸುಧಾರಕ. ಅವನಿಗೇ ಎಲ್ಲರಿಗಿಂತ ಜೋರು ಚಪ್ಪಾಳೆ ಬಿದ್ದಿತ್ತು.
"ಮೂರು, ಹಾಗಂದವರು ಇವರ ಕಡೆಯವರು."

ಮೇಜಿನ ಮೇಲೆ ಕುಂಬಳಕಾಯಿ ಇಟ್ಟಲ್ಲೇ ಇತ್ತು,
ಆದರೂ ನಮ್ಮ ಹಿರಿಯರೆಲ್ಲ ಹೆಗಲು ಮುಟ್ಟಿ ನೋಡಿಕೊಂಡರು.
ಯಾರೂ ಊಹಿಸಲಿಲ್ಲ. ಹೆಸರೇನಮ್ಮ, ಎಂದೆ.
"ಗೊತ್ತಿಲ್ಲ. ಒಬ್ಬ ಹೆಂಗಸು ಅಂತಾಳೆ ಅಜ್ಜಿ."

ಇಪ್ಪತ್ತೆರಡು ವರ್ಷ ಈ ಪಾಠ ಮಾಡಿದ್ದೇನೆ.
ನಮ್ಮವರನ್ನು ಕೊಂದವರ ಹೆಸರು ನನಗೆ ಬಾಯಿಪಾಠ.
ನಾವು ಕೊಂದವರ ಅಧ್ಯಾಯ ಬರುವ ಹೊತ್ತಿಗೆ
ಪ್ರತಿ ವರ್ಷ ಕ್ರಿಸ್ಮಸ್ ರಜೆ ಬಂದುಬಿಡುತ್ತಿತ್ತು.

ಕಾರ್ನೀಲನಿಗೆ ಹತ್ತು ವರ್ಷ. ಇಂಥದಕ್ಕೆ ಏನು ಮಾಡಬೇಕೆಂದು
ನಾವ್ಯಾರೂ ಹೇಳಿಕೊಟ್ಟಿರಲಿಲ್ಲ.
ಅಡುಗೆಕೋಣೆಗೆ ಹೋದ, ಪಾತ್ರೆ ಒರೆಸುವ ಟವಲು ತಂದ, ಚಾಚಿದ.
"ಈಗಲೇ ಒರೆಸಿದರೆ ವೇಷ ಹೋಗುತ್ತೆ," ಅಂದಳು ಲೀಟಾ.
ಹೌದಲ್ಲ, ಅಂದ.
ಬೈಬಲನ್ನು ಕುರ್ಚಿಯ ಕೆಳಗಿಟ್ಟು, ಟವಲು ಹಿಡಿದು
ಅವಳ ಪಕ್ಕದಲ್ಲೇ ಕೂತ, ಆಟ ಮುಗಿಯುವ ತನಕ.

ಒಂಬತ್ತಕ್ಕೆ ಕುರ್ಚಿ ಮಡಚಿದೆವು. ಸಂತರು ತಂತಮ್ಮ
ತಲೆ, ಕಣ್ಣು, ಬೆಂಕಿ ಎತ್ತಿಕೊಂಡು ಪಿಕಪ್ ಹತ್ತಿದರು.
ಕುಂಬಳಕಾಯಿ ಯಾರಿಗೂ ಬೇಕಿರಲಿಲ್ಲ.
ಮನೆಗೆ ತಂದೆ. ಗಂಡ ಮಲಗಿದ ಮೇಲೆ
ಸಣ್ಣ ಚಾಕುವಿನಿಂದ ಅದಕ್ಕೆ ಕಣ್ಣು ಕೊರೆದೆ.
ಒಂದು ಸೊಟ್ಟಗಾಯಿತು.