ಉದ್ರಿ

ಶನಿವಾರ ಸಂಜೀಗಿ ಪಾಸ್ಟರ್ ಶದ್ರಕಪ್ಪನವರ ಮೆಸೇಜು:
"ನಾಳಿನ ವಿಜ್ಞಾಪನಾ ಪ್ರಾರ್ಥನೆ ನಿಮ್ಮದು.
ಸದ್ಯದ ವಿಷಯಗಳು ಬರಲಿ. ನಾಲ್ಕು ನಿಮಿಷ ಮೀರಬಾರದು.
ಎಂಟೂವರಿಗಿ ಮರಾಠಿ ಸಭೆಯವರು ಬರ್ತಾರ."
ಅಕ್ಕಲಕೋಟದಾಗ ನಮಗ ಚರ್ಚು ಒಂದೇ,
ಭಾಷಾ ಎರಡು, ಹಾರ್ಮೋನಿಯಂ ಒಂದೇ.

ಶಟರ್ ಅರ್ಧ ಇಳಿಸಿ ಪೇಪರ್ ಹಾಸಿಕೊಂಡು ಕೂತೆ.
ದೂರದ ಯುದ್ಧಕ್ಕ ಆರು ಸಾಲು ಸರಸರ ಬಂದವು;
ಅಲ್ಲಿ ನನಗ ಯಾರದೂ ಗುರ್ತಿಲ್ಲ.
ಆಮೇಲೆ ಗ್ಯಾಸಿನ ರೇಟು, ಪರೀಕ್ಷಾ ಬರಿಯೋ ಮಕ್ಕಳು,
ಆಸ್ಪತ್ರ್ಯಾಗಿನ ಇಮ್ಯಾನುವೇಲಪ್ಪ, ಅಂವನ ಎರಡನೇ ಕಿಡ್ನಿ.
ಪೆನ್ನು ಇಳಿಜಾರಿನ ಸೈಕಲ್ಲಿನಂಗ ಓಡಿತು.

ಮೂರನೇ ಪುಟದಾಗ ನಮ್ಮದೇ ಬಸ್‌ಸ್ಟ್ಯಾಂಡು.
ಅಫಜಲಪುರದ ಬಸ್ಸು. ಹಣಿಮ್ಯಾಲಿನ ಕನ್ನಡ ಅಕ್ಷರಕ್ಕ ಕರಿ.
"ಅಪರಿಚಿತ ದುಷ್ಕರ್ಮಿಗಳು" ಅಂತ ಅಚ್ಚು.

ಅಪರಿಚಿತ?
ಉದ್ರಿ ಪುಸ್ತಕ, ಪುಟ ನಲವತ್ತೊಂದು, ನನ್ನದೇ ಕೈಬರಹ:
ಸಮಾಧಾನ. ಕರಿ ಎನಾಮಲ್, ಒಂದು ಲೀಟರ್.
ಬ್ರಶ್ ಎರಡಿಂಚಿಂದು, ಎರಡು.

ಹೆಸರೇ ಸಮಾಧಾನ. ತಾಯಿ ಯಾವ ಹರಕೀಲೆ ಇಟ್ಟಳೋ.
"ತಗಡಿನ ಮ್ಯಾಲ ಹಿಡೀತದೇನು ಕಾಕಾ?" ಅಂದ, ಮರಾಠಿಯೊಳಗ.
"ಗೇಟಿಗೇನು?" ಅಂದೆ, ಮರಾಠಿಯೊಳಗೇ.
ನಕ್ಕ. ನಾನೂ ನಕ್ಕೆ.
ಅಷ್ಟಕ್ಕೇ ನಿಂತಿದ್ದರ ಒಂದು ಮಾತು.
ಕಸುಬಿನವ ನಾನು, ಸುಮ್ಮಿರಲಿಲ್ಲ:
"ಸ್ವಲ್ಪ ಟರ್ಪೆಂಟೈನ್ ಕೂಡಿಸು ಮಗಾ,
ಇಲ್ಲಾಂದ್ರ ಗಂಟು ಕಟ್ಟತದ, ಸಾಪ್ ಹರಡೂದಿಲ್ಲ."

ಮರುದಿನ ಹತ್ತಕ್ಕ ಡ್ರೈವರ್ ಬಂದ.
ಎದೀಮ್ಯಾಲಿನ ಬಿಲ್ಲೆ: ಮಾಳಿಂಗರಾಯ.
ಖಾಕಿ ತೋಳಿಗಿ ಕರಿ, ಕಿವಿ ಹಿಂದ ಕರಿ.
ಬಸ್ಸಿಗಷ್ಟೇ ಬಳಿದಿರಲಿಲ್ಲ;
ಪೇಪರಿನಾಗ ಅದು ಬಂದಿಲ್ಲ.
"ಇದನ್ನ ತೊಳಿಯಾಕ ಏನರೆ ಅದನ್ರಿ?"
ಥಿನ್ನರ್ ಕೊಟ್ಟೆ. ನೂರಾ ಐವತ್ತರದ್ದು, ನೂರಾ ನಲವತ್ತು ತಗೊಂಡೆ.
ಬಿಟ್ಟ ಆ ಹತ್ತು ರೂಪಾಯಿ
ಇಡೀ ದಿನ ನನ್ನ ಎದ್ಯಾಗ ದಾನದಂಗ ಬೆಚ್ಚಗಿತ್ತು.
ಅಂವ ಕೈ ಮುಗಿದ:
"ನೀವು ನಮ್ಮವ್ರು, ಕನ್ನಡದವ್ರು. ಅದಕ್ಕೇ ಸಿಕ್ಕಿತು."

ಅಂಗಡಿ ಮುಂದ ನಿಂತು ನೋಡಿದೆ.
ಅರಿವಿ ಒತ್ತಿ ತಿಕ್ಕತಿದ್ದ. ಕರಿ ಕರಗಿತು,
ಕರಿ ಕೆಳಗಿನ ಹಳದಿಯೂ ಕರಗಿತು,
'ಪುರ' ಅಷ್ಟೇ ಉಳೀತು.
ಯಾವ ಪುರ, ಕೇಳಬ್ಯಾಡ್ರಿ.

ಪಿಲಾತ ನೀರಾಗ ಕೈ ತೊಳಕೊಂಡ.
ನಂದು ಎನಾಮಲ್ಲು, ನೀರಿಗಿ ಹೋಗೂದಿಲ್ಲ,
ಗಿರಾಕಿಗಳಿಗಿ ದಿನಾ ನಾನೇ ಹೇಳತೀನಿ.

ಬಳಿಯಾಕೂ ನಂದೇ. ತೊಳಿಯಾಕೂ ನಂದೇ.

"ದುಷ್ಕರ್ಮಿಗಳ ಮನಸ್ಸು ತಿರುಗಿಸು" ಅಂತ ಬರೆದೆ. ಹೊಡೆದೆ.
"ಗಡಿನಾಡಿಗೆ ಶಾಂತಿ ದಯಪಾಲಿಸು." ಅದನ್ನೂ ಹೊಡೆದೆ,
ಭಾಳ ಸೋವಿ ಅನಿಸಿತು.
ಅಷ್ಟರಾಗ ಕರೆಂಟ್ ಹೋತು. ಬ್ಯಾಟರಿ ಹುಡುಕಲಿಲ್ಲ,
ಥಿನ್ನರಿನ ವಾಸನಿಯೊಳಗ ಹಂಗೇ ಕೂತೆ.

ಆಯ್ತವಾರ ಎದ್ದು ನಿಂತೆ. ಯುದ್ಧ ಓದಿದೆ.
ಪರೀಕ್ಷಾ ಓದಿದೆ. ಕಿಡ್ನಿ ಓದಿದೆ.
ಕಾಗದ ಮುಗೀತು, ಬಾಯಿ ಮುಗೀಲಿಲ್ಲ:
"ಕರಿ ಒಂದು ಲೀಟರ್. ಬ್ರಶ್ ಎರಡು.
ಥಿನ್ನರ್, ಅರ್ಧ ಲೀಟರ್, ರೋಖ."
ಸಭೆ, ರೂಢಿಯಂತೆ, ತಗ್ಗಿಸಿದ ತಲೆ ಎತ್ತದೆ,
"ಕರ್ತನೇ, ನಮ್ಮ ಮೊರೆಯನ್ನು ಲಾಲಿಸು" ಅಂತು.

ಹೊರಗ ಚಪ್ಪಲಿ ಹುಡುಕೂ ಮುಂದ ರೂತಮ್ಮ ಕೇಳಿದಳು:
"ಚರ್ಚಿಗಿ ಬಣ್ಣ ಹಚ್ಚಸಾವ್ರೇನಪಾ ಈ ಸಲ?
ಕರಿ ಬ್ಯಾಡ. ಹುಡುಗರು ಅಂಜತಾವ."

ಸೋಮವಾರ ಸಮಾಧಾನ ಬಂದ, ಉದ್ರಿ ತೀರಿಸಾಕ.
ಐನೂರರ ನೋಟು ಗಾಜಿನ ಮ್ಯಾಲ ಇಟ್ಟ.
ಉಗುರ ಸಂದ್ಯಾಗ ಇನ್ನೂ ಕರಿ.
ಇಷ್ಟು ವರ್ಷದಾಗ ಮೊದಲ ಸಲ ಅಂವಗ
ಕನ್ನಡದಾಗ ಅಂದೆ: "ಕುಂಡ್ರು."
ತಿಳೀತು ಅಂವಗ. ಕುಂತ.
ಮುಂದ ಏನು ಹೇಳಬೇಕು, ಇಬ್ಬರಿಗೂ ಬರಲಿಲ್ಲ.
ಫ್ಯಾನಿನ ಗಾಳಿಗಿ ನೋಟು ಎದ್ದಿತು.
ಹಾರಬಾರದಂತ ಇಬ್ಬರೂ
ಒಮ್ಮೆಲೆ ಅದರ ಮ್ಯಾಲ ಕೈ ಇಟ್ಟೆವು.