ನಾಲ್ಕರ ಹತ್ತಿರ ಒಂದು ಗೀರು

ರಾತ್ರಿಪಾಳಿ ಮುಗಿಸಿ, ಯೂನಿಫಾರ್ಮಿನ ಮೇಲೆ ಕೋಟು ಎಳೆದುಕೊಂಡು
ಬಸ್ಸು ಹಿಡಿದು ಹಾಕ್ಲಿಗೆ ಬಂದಿದ್ದೇನೆ.
ಬರ್ಮಿಂಗ್‌ಹ್ಯಾಮಿನ ಈ ಬೀದಿಯುದ್ದಕ್ಕೂ ಅಕ್ಕಸಾಲಿಗಳು,
ಉಂಗುರ ಹಿಗ್ಗಿಸುವವರು, ಹರಿದ ಸರ ಬೆಸೆಯುವವರು.
ಮೂರು ಶನಿವಾರದಿಂದ ಅದೇ ಕಿಟಕಿ, ಅದೇ ವಾಚು:
ಸ್ವಿಸ್ಸು, ಉಕ್ಕಿನ ಮೈ, ಕಡುನೀಲಿ ಮುಖ,
ಯಾರೋ ಕಟ್ಟಿ ಬಿಟ್ಟದ್ದು.
ಸಾವಿರದ ಎಂಟುನೂರ ಐವತ್ತು ಪೌಂಡು.
ಕೆಳಗೆ ಸಣ್ಣ ಅಕ್ಷರದಲ್ಲಿ: ಅಲ್ಪಸ್ವಲ್ಪ ಹಾನಿ.

ಅಲ್ಪಸ್ವಲ್ಪ. ಆ ಮಾತು ಗೊತ್ತು ನನಗೆ.
ಕೇಸ್ ಶೀಟಿನಲ್ಲಿ ಎಷ್ಟು ಸಲ ಬರೆದಿಲ್ಲ.

ಪೆಟ್ಟಿಫರ್ ಅದನ್ನು ಮಖಮಲ್ಲಿನ ತಟ್ಟೆಯಲ್ಲಿಟ್ಟು ತಂದ.
ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದಂತೆ;
ಇದು ದಾನವಲ್ಲವಲ್ಲ, ತೆಗೆದು ತೋರಿಸಿ ಎಂದೆ.
ಹಿಂಬದಿಯ ಮುಚ್ಚಳ ತಿರುವಿ, ಭೂತಗನ್ನಡಿ ಕೈಗಿಟ್ಟ.
ಎಷ್ಟು ಹಲ್ಲು, ದೇವರೇ,
ಸಾಸಿವೆಯಷ್ಟಗಲದ ಚಕ್ರಕ್ಕೂ!
ಮುಚ್ಚಳದ ಬೆನ್ನಿಗೆ ಕೆತ್ತನೆ: ಡಿ. ಡಬ್ಲ್ಯು., ೧೯೮೩.
ಯಾರೆಂದು ಕೇಳಲಿಲ್ಲ.
ಖಾಲಿಯಾದ ಹಾಸಿಗೆಯ ಕತೆ ಹೊಸಬರು ಕೇಳುತ್ತಾರೆ,
ನಾವು ಹಾಸು ಬದಲಿಸುತ್ತೇವೆ.

ಗಾಜಿನ ಮೇಲೆ ನಾಲ್ಕರ ಹತ್ತಿರ ಒಂದು ಗೀರು,
ಉಗುರಿಗೆ ಸಿಗುವಂಥದು.
ಪಟ್ಟಿ ಕೂಡುವಲ್ಲಿ ಅಕ್ಕಿಕಾಳಿನಷ್ಟು ನೆಗ್ಗು.
ಮಲ್ಪೆಯ ಬಂದರಿನಲ್ಲಿ ಅಮ್ಮ ಬಂಗುಡೆಯ ಕಿವಿರೆತ್ತುತ್ತಿದ್ದಳು;
ಬೆರಳು ಮೀನಿನಲ್ಲಿ, ಕಣ್ಣು ಮಾತ್ರ ಮಾರುವವಳ ಮೇಲೆ.

ಗಾಜು ಬದಲಿಸಿದರೆ ನೂರೆಂಬತ್ತು, ಎಂದ.
ನೆಗ್ಗನ್ನು ಉಜ್ಜಬಹುದು,
ಉಜ್ಜಿದಷ್ಟೂ ಉಕ್ಕು ಸವೆಯುತ್ತದೆ.
ದಿನಕ್ಕೆ ಆರು ಸೆಕೆಂಡು ಮುಂದೋಡುತ್ತದೆ,
ಈ ಪ್ರಾಯಕ್ಕೆ ಅದೇನೂ ಕಾಯಿಲೆಯಲ್ಲ.

ಪ್ರೆಸಿಲ್ಲಾ ಬೈದಿದ್ದಳು:
ಮರುಳಾ ನಿನಗೆ? ಅದೇ ದುಡ್ಡಿಗೆ ಚಿನ್ನ ತಗೋ,
ಕರಗಿಸಿದರೂ ಬೆಲೆ ಬರುತ್ತದೆ.
ಸರಿಯೇ. ಆದರೆ ಬಳೆಯ ಕೈಯೂ ಅಲ್ಲ ಇದು.
ಮೊಣಕೈಯಿಂದ ಕೆಳಗೆ ಏನೂ ಇರಬಾರದೆಂದು ವಾರ್ಡಿನ ಕಾನೂನು.
ನನ್ನ ಗಡಿಯಾರ ಏಳು ಪೌಂಡಿನದು,
ಎದೆಯ ಮೇಲೆ ತಲೆಕೆಳಗಾಗಿ ನೇತಾಡುತ್ತದೆ,
ನನಗೊಬ್ಬಳಿಗೇ ನೆಟ್ಟಗೆ.
ಅದರ ಹದಿನೈದು ಸೆಕೆಂಡನ್ನು ನಾಲ್ಕರಿಂದ ಗುಣಿಸಿ
ಇಪ್ಪತ್ತೇಳು ವರ್ಷ ಪರರ ನಾಡಿ ಬರೆದಿದ್ದೇನೆ.
ಗುಣಿಸಲು ಏನೂ ಸಿಗದ ರಾತ್ರಿ
ಗಂಟೆ ನಿಮಿಷವನ್ನಷ್ಟೇ ಬರೆದು ಸಹಿ ಹಾಕಿದ್ದೇನೆ.

ಹಾಗಾದರೆ ಇದನ್ನು ಕಟ್ಟುವುದು ಯಾವಾಗ?
ರಜೆಯ ದಿನ.
ರಜೆಯ ದಿನ ನಾನು ಮಲಗಿರುತ್ತೇನೆ.

ಆದರೂ ಕಟ್ಟಿ ನೋಡಿದೆ.
ತಣ್ಣಗಿತ್ತು, ಅಂದುಕೊಂಡದ್ದಕ್ಕಿಂತ ಭಾರ;
ರೋಗಿ ಕೈ ಹಿಡಿದುಕೊಂಡರೆ ಬೀಳುವಷ್ಟು.
ಗೀರಿನಲ್ಲಿ ಒಂದು ಕತೆ ಇರುತ್ತದೆ ಮೇಡಂ,
ಎಂದ ಪೆಟ್ಟಿಫರ್, ಮೆಲ್ಲಗೆ, ಮಾರುವ ದನಿಯಲ್ಲಿ.
ಇರಬಹುದು. ನೆಗ್ಗು ಬಿದ್ದ ಏಟಿಗೆ
ಒಳಗಿನ ರಬ್ಬರು ಸರಿದಿದ್ದರೆ? ನೀರಿಳಿದರೆ?

ತಕ್ಷಣ ಉತ್ತರ ಬರಲಿಲ್ಲ.
ವಾಚು ಬಿಚ್ಚಿ ಇಸಿದುಕೊಂಡ. ನೋಡಿಯೇ ಹೇಳಬೇಕು,
ಇಪ್ಪತ್ತು ನಿಮಿಷ. ಹೆಸರು?
ವಾರಿಜ.
ವೆರೀಜಾ, ಎಂದು ಬರೆದುಕೊಂಡು ಪರದೆಯಾಚೆ ಹೋದ.

ಗೋಡೆಗೆ ಒರಗಿಸಿದ ಕುರ್ಚಿ, ಹಳೆಯ ಮ್ಯಾಗಜೀನು,
ನೀರಿಲ್ಲದ ನೀರಿನ ಮೆಷಿನ್ನು.
ಇಂಥ ಕುರ್ಚಿಯಲ್ಲಿ ಎಷ್ಟು ಮಂದಿಯನ್ನು ಕೂರಿಸಿ
ಈಗ ಬಂದೆ ಎಂದು ಒಳಗೆ ಹೋಗಿಲ್ಲ ನಾನು.
ಬ್ಯಾಗನ್ನು ಮಡಿಲಲ್ಲಿ ಅವುಚಿಕೊಂಡು ಕೂತೆ.
ಬೆರಳು ತಾನಾಗಿ ಎಡ ಮಣಿಕಟ್ಟಿಗೆ ಹೋಯಿತು,
ಎಣಿಸಲಿಲ್ಲ.

ಪರದೆ ಸರಿಯಿತು.
ಅಂಗೈ ಮುಚ್ಚಿಕೊಂಡು ಬಂದ ಪೆಟ್ಟಿಫರ್.
ಕೈಯನ್ನು ನೋಡಲಿಲ್ಲ ನಾನು.
ಎದ್ದು ನಿಂತು,
ಅವರೆಲ್ಲ ನೋಡುತ್ತಿದ್ದ ಹಾಗೆ,
ಅವನ ಮುಖ ನೋಡಿದೆ.