ಹಲ್ ನಂಬರ್ ನಾಲ್ಕು

ಸಮುದ್ರ ನಾ ನೋಡಿಲ್ರಿ.
ಕಾರವಾರಕ್ಕ ಒಮ್ಮೆ ಹೊಂಟಿದ್ದೆ,
ಅರಬೈಲ ಘಟ್ಟದಾಗ ಲಾರಿ ಕೆಟ್ಟು ತಿರುಗಿ ಬಂದೆ.
ಆದ್ರ ಆರು ಹಡಗಿನ ಹೊಟ್ಟಿ ನನಗ ಬಾಯಿಪಾಠ.

ಗೋಕುಲ ರೋಡಿನ ಶೆಡ್ಡಿನಾಗ, ನನ್ನ ಲೇಥಿನ ಎದುರು ಗ್ವಾಡಿಗೆ
ಹೆಬಸೂರ ಮಾಸ್ತರು ನೀಲಿ ನಕ್ಷೆ ಬಡಿದಿದ್ದರು:
ನಾಲ್ಕು ಹಗೇವು, ಒಂದೊಂದರಾಗೂ ನಡುವೊಂದು ಅಟ್ಟ,
ಮೂಟಿ ಕೆಳಗ, ಪೆಟಗಿ ಮ್ಯಾಲ.
ಮೂರನೇದಕ್ಕೂ ನಾಲ್ಕನೇದಕ್ಕೂ ನಡುವ ಇಂಜಿನ್ನು.
ಪ್ರತಿ ಬಾಯಿಗೂ ಜೋಡಿ ಡೆರಿಕ್ಕು,
ಬಾವ್ಯಾಗ ಬಿದ್ದ ಎಮ್ಮಿನ್ನ
ಆ ದಂಡಿಗೊಂದು ಈ ದಂಡಿಗೊಂದು ಹಗ್ಗ ಹಿಡಿದು ಎತ್ತಿದಂಗ.
"ಕ್ರೇನ್ ಇಲ್ಲದ ಬಂದರಕ್ಕೂ ಹೋಗೂದು ಇದು" ಅಂದ್ರು ಮಾಸ್ತರು,
"ತನ್ನ ಮೂಟಿ ತಾನ ಇಳಿಸೋ ಹಮಾಲ."

ನಮ್ಮ ಪಾಲಿಗೆ ಬಂದದ್ದು ಹಡಗಲ್ಲ, ಅದರ ಗಂಟಲು:
ಕಡಲನೀರು ಒಳಗ ಎಳಕೊಳ್ಳೋ ವಾಲ್ವು,
ಗನ್‌ಮೆಟಲ್ಲು, ಫ್ಲೇಂಜಿಗೆ ಎಂಟು ತೂತು,
ಹದಿನಾಲ್ಕು ಕಿಲೋ ಇನ್ನೂರು.
ಉಸುಕು ಕಾಕಂಬಿ ಕಲಿಸಿ ಚನ್ನವ್ವ ಕೋರು ಬಡದಳು.
ಹಡಗಿಗೆ ಯಾರು ಹೆಸರಿಟ್ಟರೋ, ಎಲ್ಲಾ ನಮ್ಮ ಕಡೀ ಹೊಳಿ,
ವರದಾ, ಧರ್ಮಾ, ಬೇಡ್ತಿ, ಶಾಲ್ಮಲಾ,
ಕುಮುದ್ವತಿ, ಮಲಪ್ರಭಾ.
ಸೋಮೇಶ್ವರದಾಗ ಕೊಡ ತುಂಬಾಕ ತಾಸು ಹಿಡಿಯೋ ಶಾಲ್ಮಲಾ
ಒಂಬತ್ತು ಸಾವಿರ ಟನ್ ಹೊತ್ತು ಮೊಂಬಾಸಾಕ್ಕ ಹೊಂಟಳು ಅಂದಾಗ
ಚನ್ನವ್ವ ನಕ್ಕದ್ದ ನಕ್ಕದ್ದು.

ಆರೂ ಒಂದ ನಕ್ಷೆ, ಒಂದ ಎರಕ ಅಂತಾರ.
ನಾಲ್ಕನೇದರ ಸೀಟು ತಿರುವುವಾಗ ಕರೆಂಟು ಹೋತು.
ಟೂಲು ನಿಂತಲ್ಲಿ ಕೂದಲೆಳಿಯಷ್ಟು ಗೆರಿ.
ಗಡಿಬಿಡಿಯಾಗ ನಂಬರಿನ ಪಂಚು ತಲಿಕೆಳಗ ಹೊಡೆದೆ.
ಪ್ರೆಶರ್ ಕೊಟ್ಟರೂ ಸೋರಲಿಲ್ಲ, ಮಾಸ್ತರು ಸಹಿ ಹಾಕಿದರು.
ನಾ ಹೇಳಲಿಲ್ಲ.
ಮುಂದ ರೇಡಿಯೋದಾಗ ತೂಫಾನು ಅಂದ್ರ ಸಾಕು,
ರೊಟ್ಟಿ ಗಂಟಲದಾಗ ನಿಲ್ತಿತ್ತು.

ಇಪ್ಪತ್ತಾರು ವರ್ಷ ದುಡದ್ವು.
ಹತ್ತಿ ಅಂಡಗಿ ಹೋದ್ವು, ತಿರುಗಿ ಗಂಧಕ ಬಂತು,
ಗದಗಿನ ಒಂದು ಪ್ರೆಸ್ಸಿಗೆ ಯಂತ್ರಾನೂ ಬಂತಂತ.
ಬ್ಯಾಡಗಿ ಮೆಣಸಿನಕಾಯಿ ತುಂಬಿದ ಹಗೇವಿಗೆ ಇಳಿದವರು
ಮೂರು ದಿನ ಸೀನಿದರಂತ, ಯಾವ ಬಂದರದಾಗೋ.
ಆಮ್ಯಾಲ ಕಬ್ಬಿಣದ ಡಬ್ಬಿ ಬಂದ್ವು, ಎಲ್ಲಾ ಒಂದ ಅಳತಿ.
ಮೂಟಿ ನುಂಗಾಕ ಮಾಡಿದ ಬಾಯಾಗ ಡಬ್ಬಿ ಹಿಡೀಲಿಲ್ಲ.

ಮೊನ್ನಿ ಗುಜರಾತಿನ ಲಾರಿ ಬಂದು
ಇಮಾಮನ ಭಟ್ಟಿ ಮುಂದ ಗುಜರಿ ಸುರುವಿತು.
ಹಸಿರು ಕಿಲುಬಿನಾಗ ತಲಿಕೆಳಗಿನ ನಾಕು.
ಬೆರಳು ಒಳಗ ಆಡಿಸಿದೆ. ಗೆರಿ ಸಿಗಲಿಲ್ಲ,
ನೀರು ಸವಸಿತ್ತೋ, ನನ್ನ ಬೆರಳ ಸವದಾವೋ.
ತಕ್ಕಡಿಗಿಟ್ಟೆ: ಹದಿಮೂರು ಕಿಲೋ ನಾನೂರು.
ಎಂಟನೂರು ಗ್ರಾಂ ಕಡಲು ತಿಂದದ್ದು.

"ಇಟಗೋತೀರೇನ ಕಾಕಾ?" ಅಂದ ಇಮಾಮ.
ಬ್ಯಾಡ, ಕರಗಸು. ಆದ್ರ ಚೀಟಿಯೊಳಗ
ಗುಜರಿ ಅಂತ ಬರೀಬ್ಯಾಡ, ಶಾಲ್ಮಲಾ ಅಂತ ಬರಿ ಅಂದೆ.
ಅಂವ ಎರಡೂ ಬರದ.